ಮಂಚ ಎಲ್ಲಿರಬೇಕೆಂದು ಗುಡಿಸುವವರು ಹೇಳಲಿ

ಸಣ್ಣ ಮನೆಯಲ್ಲಿ ಕೆಲಸ ಕಡಿಮೆ ಎನ್ನುವವರು ಸಣ್ಣ ಮನೆಯಲ್ಲಿ ಒಂದು ದಿನವೂ ಕಸ ಗುಡಿಸಿದವರಲ್ಲ. ಈ ಮಾತನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಮನೆಗೆ ಬಂದವರು ಜಗಲಿಯಲ್ಲಿ ನಿಂತೇ ಒಳಗೆ ಕಣ್ಣಾಡಿಸಿ, "ನಿಮ್ಗೇನು ಬಿಡಿ, ಇರೋದೇ ಎರಡು ರೂಮು, ಹತ್ತು ನಿಮಿಷದಲ್ಲಿ ಗುಡಿಸಿ ಒರೆಸಿ ಆಗೋಗುತ್ತೆ" ಎನ್ನುತ್ತಾರೆ. ಗುಡಿಸುವುದಕ್ಕೆ ಹತ್ತು ನಿಮಿಷ ಸಾಕು, ನಿಜ. ಆದರೆ ಗುಡಿಸಬೇಕಾದರೆ ಮೊದಲು ನೆಲ ಕಾಣಬೇಕಲ್ಲ? ಆ ನೆಲ ಕಾಣುವಂತೆ ಮಾಡಲು ಎಷ್ಟು ಹೊತ್ತು ಹಿಡಿಯಿತು ಎಂದು ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ.

ನಮ್ಮದು ಮಲೆನಾಡಿನ ಸಣ್ಣ ಊರೊಂದರ ಅಂಚಿನಲ್ಲಿರುವ ಹೆಂಚಿನ ಮನೆ. ಹಾಲು ಹತ್ತಡಿಗೆ ಹನ್ನೆರಡಡಿ. ಅದಕ್ಕೆ ಅಂಟಿಕೊಂಡಂತೆ ಎಂಟಡಿಗೆ ಹತ್ತಡಿಯ ಅಡುಗೆಮನೆ. ಮುಂದೆ ಸಣ್ಣ ಜಗಲಿ, ಹಿಂದೆ ಬಚ್ಚಲು. ಇರುವವರು ಐದು ಜನ: ನಾನು, ಇವರು, ಅತ್ತೆ, ಇಬ್ಬರು ಮಕ್ಕಳು. ನಮ್ಮ ಹಾಲು ರಾತ್ರಿ ಮಲಗುವ ಕೋಣೆ, ಬೆಳಿಗ್ಗೆ ದೇವರ ಕೋಣೆ, ಆಮೇಲೆ ಬಟ್ಟೆ ಬದಲಿಸುವ ಕೋಣೆ, ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿ, ಸಂಜೆ ಮಕ್ಕಳ ಶಾಲೆ, ನೆಂಟರು ಬಂದರೆ ಛತ್ರ. ದೊಡ್ಡ ಮನೆಯಲ್ಲಿ ಜನ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ. ಸಣ್ಣ ಮನೆಯಲ್ಲಿ ಜನ ಕೂತಲ್ಲೇ ಇರುತ್ತಾರೆ, ಕೋಣೆಯೇ ಬದಲಾಗಬೇಕು. ಅದು ತಾನಾಗಿ ಬದಲಾಗುವುದಿಲ್ಲ. ಹಾಸಿಗೆ ಸುತ್ತಿ, ಕುರ್ಚಿ ಮಡಚಿ, ಸ್ಟೂಲು ಒಳಗಿಟ್ಟು, ಟ್ರಂಕಿನ ಮೇಲಿನ ಬಟ್ಟೆ ಮಂಚಕ್ಕೆ, ಮಂಚದ ಮೇಲಿನ ಪುಸ್ತಕ ಟ್ರಂಕಿಗೆ ಹಾಕಿ, ಯಾರೋ ಬದಲಾಯಿಸಬೇಕು. ಆ ಯಾರೋ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ಇದನ್ನು ಎಣಿಸಿಯೇ ನೋಡೋಣ ಅನ್ನಿಸಿತು. ಗುಡಿಸುವುದು, ಒರೆಸುವುದು, ಪಾತ್ರೆ, ಅಡುಗೆ, ಬಟ್ಟೆ ಇದ್ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ವಸ್ತುವನ್ನು ಬರೀ ಜಾಗ ಮಾಡುವ ಸಲುವಾಗಿ ಎತ್ತಿ ಇನ್ನೊಂದು ಕಡೆ ಇಟ್ಟಾಗಲೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಗೀಟು ಹಾಕಿದೆ. ರಾತ್ರಿ ದೀಪ ಆರಿಸುವ ಹೊತ್ತಿಗೆ ಅರವತ್ತನಾಲ್ಕು ಗೀಟುಗಳಾಗಿದ್ದವು. ಅಕ್ಕಿ ಡಬ್ಬ ತೆಗೆಯಲು ಖಾಲಿ ಸಿಲಿಂಡರು ಸರಿಸಬೇಕು, ಸಿಲಿಂಡರು ಸರಿಸಲು ಕೊಡ ಎತ್ತಬೇಕು. ಅಕ್ಕಿ ತೆಗೆದಾದ ಮೇಲೆ ಎಲ್ಲವೂ ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ಅನ್ನ ಬೆಂದದ್ದು ಎಲ್ಲರಿಗೂ ಕಾಣುತ್ತದೆ. ಕೊಡ ಎತ್ತಿಟ್ಟದ್ದು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಅದು ಮತ್ತೆ ಇದ್ದಲ್ಲೇ ಇದೆ.

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಲೆಕ್ಕವೂ ಇಲ್ಲಿ ನೆನಪಾಗುತ್ತದೆ. 2019ರ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289, ಗಂಡಸರದ್ದು 88. ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಯಿತು ಎಂದು ಸಂತೋಷಪಡುವ ಮೊದಲು ಎರಡೂ ವರ್ಷದ ಕಳೆಯುವ ಲೆಕ್ಕ ಮಾಡಿ ನೋಡಿ. ಆಗ ಅಂತರ 202 ನಿಮಿಷ, ಈಗ 201. ಐದು ವರ್ಷದಲ್ಲಿ ಒಂದು ನಿಮಿಷ! ಇದು ಒಪ್ಪಿಕೊಂಡು ಹೇಳಿದ ಕೆಲಸದ ಲೆಕ್ಕ ಮಾತ್ರ. ಯಾರಾದರೂ ಬಂದು ಕೇಳಿದರೆ ನಾವು ಹೆಂಗಸರು ಅಡುಗೆ ಮಾಡಿದೆ, ಗುಡಿಸಿದೆ, ಒಗೆದೆ ಎನ್ನುತ್ತೇವೆಯೇ ಹೊರತು ಸರಿಸಿದೆ ಎನ್ನುವುದಿಲ್ಲ. ಸರಿಸುವುದು ಕೆಲಸ ಎಂದು ನಮಗೇ ಅನ್ನಿಸಿರುವುದಿಲ್ಲ.

ಇನ್ನು ಪರಿಹಾರ ಹೇಳುವವರ ವಿಚಾರಕ್ಕೆ ಬರೋಣ. ಬೆಂಗಳೂರಿನಿಂದ ಬಂದ ನಾದಿನಿ ನಮ್ಮ ಅಡುಗೆಮನೆ ನೋಡಿ, "ಅತ್ತಿಗೆ, ಇಷ್ಟೊಂದು ಸಾಮಾನು ಯಾಕೆ ಇಟ್ಕೊಂಡಿದೀರಿ? ಒಂದು ವರ್ಷ ಮುಟ್ಟದೇ ಇರೋದನ್ನೆಲ್ಲ ಎಸೆದುಬಿಡಿ, ಮನಸ್ಸು ಎಷ್ಟು ಹಗುರ ಆಗುತ್ತೆ ನೋಡಿ" ಎಂದಳು. ಪಾಪ, ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ, 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಅವರ ಕಾರ್ಯಕ್ರಮ ಇವೆಲ್ಲ ಜಗತ್ತಿನ ಉದ್ದಗಲಕ್ಕೂ ಈ ಪಾಠವನ್ನು ಮಾಡಿವೆ. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ನನಗೆ ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕೊಡದಿದ್ದರೆ ಅದಕ್ಕೊಂದು ಧನ್ಯವಾದ ಹೇಳಿ ಕಳಿಸಿಬಿಡಬೇಕು.

ನಮ್ಮ ಮನೆಯಲ್ಲಿ ಹಾಗೆ ಕೇಳಲು ಹೊರಟರೆ ಏನಾಗುತ್ತದೆ ನೋಡಿ. ಕಂಬಳಿಯನ್ನು ಮೇ ತಿಂಗಳಲ್ಲಿ ಕೈಯಲ್ಲಿ ಹಿಡಿದರೆ ಅದು ಚುಚ್ಚುತ್ತದೆ, ಯಾವ ಖುಷಿಯನ್ನೂ ಕೊಡುವುದಿಲ್ಲ. ಜುಲೈಯಲ್ಲಿ ಅದೇ ಬೇಕು. ಬುಡ್ಡಿ ದೀಪ ವರ್ಷದಲ್ಲಿ ಹತ್ತು ತಿಂಗಳು ಮೂಲೆಯಲ್ಲಿ ಮಸಿ ಹಿಡಿದು ಕೂತಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದಾಗ ಅದರ ಬೆಲೆ ಗೊತ್ತಾಗುತ್ತದೆ. ಮಿಡಿ ಉಪ್ಪಿನಕಾಯಿಯ ಭರಣಿ, ಹಪ್ಪಳ ತುಂಬಿದ ಡಬ್ಬ, ಹೆಂಚು ಸೋರಿದಾಗ ಇಡಲು ನಾಲ್ಕು ಹಳೆಯ ಬಕೆಟ್ಟು, ಒಡೆದರೆ ಹಾಕಲು ಹದಿನೈದು ಹೆಂಚು, ದೊಡ್ಡವನಿಗೆ ಗಿಡ್ಡವಾಗಿ ಚಿಕ್ಕವಳಿಗೆ ಇನ್ನೂ ಉದ್ದವಾಗುವ ಸ್ವೆಟರು: ಇವು ಖುಷಿಗೆ ಇಟ್ಟುಕೊಂಡವಲ್ಲ, ಕಷ್ಟಕ್ಕೆ ಇಟ್ಟುಕೊಂಡವು. ಬೇಕಾದಾಗ ಮತ್ತೆ ಕೊಳ್ಳಬಲ್ಲವರಿಗೆ ಎಸೆಯುವುದು ಸುಲಭ. ಅವರ ಮನೆಯ ಖಾಲಿ ಗೋಡೆಯ ಹಿಂದೆ ಒಂದು ಅಂಗಡಿ ಇದೆ, ಮೊಬೈಲು ಒತ್ತಿದರೆ ಸಂಜೆಯೊಳಗೆ ಸಾಮಾನು ತಂದುಕೊಡುವ ಹುಡುಗ ಇದ್ದಾನೆ. ನಮ್ಮ ಉಗ್ರಾಣ ನಮ್ಮ ಮನೆಯೊಳಗೇ ಇರಬೇಕು.

ಅದೇ ಮಾರಿ ಕೊಂಡೊ, ಮೂರನೆಯ ಮಗುವಾದ ಮೇಲೆ ಅಚ್ಚುಕಟ್ಟಿನ ವಿಷಯದಲ್ಲಿ ತಾನು ಒಂದು ಮಟ್ಟಿಗೆ ಕೈಬಿಟ್ಟಿದ್ದೇನೆ ಎಂದು 2023ರಲ್ಲಿ ಹೇಳಿದ್ದು ಸುದ್ದಿಯಾಯಿತು. ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ. ಮೂರು ಮಕ್ಕಳ ತಾಯಿಯೊಬ್ಬಳು ನಿಜ ಹೇಳಿದಳು ಅನ್ನಿಸಿತು. ಆದರೆ ನಮ್ಮ ಕೇರಿಯ ಹೆಂಗಸೊಬ್ಬಳು ಇದೇ ಮಾತು ಹೇಳಿದರೆ ಅದು ನಿಜ ಹೇಳಿದ ಹಾಗಾಗುವುದಿಲ್ಲ, ಸೋಮಾರಿತನವಾಗುತ್ತದೆ. "ಆ ಮನೆ ಹೆಂಗಸಿಗೆ ಒಪ್ಪ ಓರಣ ಇಲ್ಲ" ಎನ್ನುವುದು ನಮ್ಮಲ್ಲಿ ಈಗಲೂ ನಡತೆಯ ಮೇಲಿನ ತೀರ್ಪು.

ನನ್ನ ತಕರಾರು ಸಾಮಾನಿನ ಮೇಲಲ್ಲ. ಸಾಮಾನು ಎಲ್ಲಿರಬೇಕೆಂದು ನಿರ್ಧರಿಸುವವರು ಯಾರು ಎನ್ನುವುದರ ಮೇಲೆ. ನಮ್ಮ ಮನೆಯ ಹಾಲಿನಲ್ಲಿ ಹನ್ನೆರಡು ವರ್ಷ ಏನು ಎಲ್ಲಿತ್ತು ಎಂದು ಹೇಳುತ್ತೇನೆ, ನೀವೇ ನೋಡಿ. ಗಾದ್ರೆಜ್ ಬೀರು ನೈರುತ್ಯ ಮೂಲೆಯಲ್ಲಿತ್ತು, ಯಾಕೆಂದರೆ ಭಾರ ನೈರುತ್ಯಕ್ಕಿರಬೇಕು ಎಂದು ವಾಸ್ತು ನೋಡುವವರೊಬ್ಬರು ಹೇಳಿ ಹೋಗಿದ್ದರು. ಮೂಲೆಯನ್ನು ಬೀರು ಹಿಡಿದ ಮೇಲೆ ಮಂಚಕ್ಕೆ ಗೋಡೆ ಬದಿಯಲ್ಲಿ ಜಾಗವಿಲ್ಲ. ತಲೆ ದಕ್ಷಿಣಕ್ಕೂ ಬರಬೇಕು. ಹಾಗಾಗಿ ಆರಡಿ ಉದ್ದದ ಮಂಚ ದಕ್ಷಿಣದ ಗೋಡೆಯಿಂದ ಹಾಲಿನ ನಟ್ಟನಡುವೆ ಚಾಚಿಕೊಂಡಿತ್ತು. ಮನೆಯಲ್ಲಿರುವ ಒಂದೇ ಒಂದು ಒಳ್ಳೆಯ ಕಿಟಕಿ ಪೂರ್ವಕ್ಕಿದೆ. ಅದರ ಮುಂದೆ ಟಿವಿ, ಯಾಕೆಂದರೆ ಡಿಶ್ಶಿನ ವೈರು ಆ ಕಿಟಕಿಯಿಂದ ಒಳಗೆ ಬಂದಿತ್ತು. ನನ್ನ ಹೊಲಿಗೆ ಮಿಷನ್ನು ಬಾಗಿಲ ಹಿಂದಿನ ಕತ್ತಲೆಯಲ್ಲಿತ್ತು. ಬಾಗಿಲು ತೆಗೆದಾಗಲೆಲ್ಲ ಅದಕ್ಕೆ ಬಡಿಯುತ್ತಿತ್ತು. ರವಿಕೆ ಹೊಲಿಯಬೇಕಾದರೆ ಅದನ್ನು ಬೆಳಕಿಗೆ ಎಳೆದು ತರಬೇಕು, ಮಕ್ಕಳು ಶಾಲೆಯಿಂದ ಬರುವುದರೊಳಗೆ ತಳ್ಳಿ ಒಳಗಿಡಬೇಕು. ನೆಂಟರು ಬಂದರೆ ಅದರ ಮೇಲೆ ಬಟ್ಟೆ ಹೊದಿಸಿ ಕಾಫಿ ಲೋಟ ಇಡುವ ಮೇಜು ಮಾಡಬೇಕು. ರಾತ್ರಿ ಜಗಲಿಯಲ್ಲಿ ಬೈಕಿಗೆ ಜಾಗವಿತ್ತು. ಬೈಕು ನೆನೆಯಬಾರದಲ್ಲ!

ತನ್ನದೇ ಬೆಳಕಿರುವ ಟಿವಿಗೆ ಕಿಟಕಿ, ಬೆಳಕಿಲ್ಲದೆ ಸೂಜಿಗೆ ದಾರ ಪೋಣಿಸಲಾಗದವಳಿಗೆ ಬಾಗಿಲ ಸಂದಿ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಯಾರೂ ಯೋಚಿಸದೇ ಇದ್ದರೆ ಮನೆ ಹೀಗೇ ಆಗುತ್ತದೆ. ಒಳ್ಳೆಯ ಜಾಗ ತಾನಾಗಿಯೇ ಗಂಡಸಿನ ಸಾಮಾನಿಗೆ, ದೇವರಿಗೆ, ಬರುವ ನೆಂಟರಿಗೆ ಹೋಗುತ್ತದೆ. ಉಳಿದ ಮೂಲೆಯಲ್ಲಿ ಹೆಂಗಸು ತನ್ನ ಕೆಲಸವನ್ನು ಹೊಂದಿಸಿಕೊಳ್ಳುತ್ತಾಳೆ. ಕಸಬರಿಗೆಯನ್ನೇ ನೋಡಿ. ಅದು ಲಕ್ಷ್ಮಿ, ಕಾಲು ತಾಗಿಸಬಾರದು, ದೀಪ ಹಚ್ಚಿದ ಮೇಲೆ ಗುಡಿಸಬಾರದು, ಬಂದವರ ಕಣ್ಣಿಗೂ ಬೀಳಬಾರದು. ಇಷ್ಟೆಲ್ಲ ಕಟ್ಟುಪಾಡು ಮಾಡಿದವರು ಅದಕ್ಕೊಂದು ಮೊಳೆ ಹೊಡೆದು ಜಾಗ ಮಾಡಿಕೊಡಲಿಲ್ಲ.

ವಾಸ್ತುವನ್ನು ನಂಬುವವರ ಜೊತೆ ನನ್ನ ಜಗಳವಿಲ್ಲ. ನಮ್ಮ ಅತ್ತೆಯೂ ನಂಬುತ್ತಾರೆ. ಆದರೆ ಎಂಟು ದಿಕ್ಕಿಗೂ ಒಂದೊಂದು ಕೋಣೆ ಇರುವವರಿಗೆ ಹೇಳುವ ಮಾತನ್ನು ಎರಡು ಕೋಣೆಯವರಿಗೆ ಹೇಳಿದರೆ ಹೇಗೆ? ಬೀರು ಅಲ್ಲೇ ಇರಲಿ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋದವರು ಮಾರನೆಯ ದಿನ ಅದರ ಅಡಿ ಗುಡಿಸಲು ಬರುವುದಿಲ್ಲ. ಸಲಹೆ ಕೊಡುವವರೆಲ್ಲರಿಗೂ ನನ್ನದು ಒಂದೇ ಪ್ರಶ್ನೆ: ನೀವು ಹೇಳಿದ ಜಾಗದಲ್ಲಿ ಇಟ್ಟ ಮೇಲೆ ದಿನಾ ಅದರ ಸುತ್ತ ಬಗ್ಗುವ ಸೊಂಟ ಯಾರದು?

ಹೋದ ಏಪ್ರಿಲ್‌ನಲ್ಲಿ, ಮಳೆಗಾಲಕ್ಕೆ ಮುಂಚೆ ಇಲ್ಲಣ ಹೊಡೆದು ಸುಣ್ಣ ಬಳಿಯಲು ಹೇಗೂ ಎಲ್ಲ ಸಾಮಾನನ್ನೂ ಅಂಗಳಕ್ಕೆ ಹಾಕಿದ್ದೆವು. ವಾಪಸ್ಸು ಒಳಗಿಡುವಾಗ ಹಳೆಯ ಜಾಗಕ್ಕೆ ಇಡುವುದಿಲ್ಲ ಎಂದೆ. ಬೀರು ಅಡುಗೆಮನೆ ಬಾಗಿಲ ಪಕ್ಕಕ್ಕೆ ಬಂತು. ಮಂಚ ಪಶ್ಚಿಮದ ಗೋಡೆಗೆ ಉದ್ದಕ್ಕೆ ಒರಗಿತು, ತಲೆ ದಕ್ಷಿಣಕ್ಕೇ ಉಳಿಯಿತು. ಟ್ರಂಕು, ಬಕೆಟ್ಟು, ಹೆಂಚು ಎಲ್ಲ ಮಂಚದ ಅಡಿಗೆ. ಟಿವಿಗೆ ಗೋಡೆಯಲ್ಲಿ ಎರಡು ಮೊಳೆ. ಮಿಷನ್ನು ಕಿಟಕಿಯ ಕೆಳಗೆ. ಆಮೇಲೆ ರವಿಕೆ ಹೊಲಿದ ದುಡ್ಡಿನಲ್ಲಿ ಬಡಗಿಯನ್ನು ಕರೆಸಿ ಹಾಲಿನ ಎರಡು ಗೋಡೆಗೂ ಬಾಗಿಲ ಎತ್ತರದಲ್ಲಿ ಒಂಬತ್ತು ಇಂಚಿನ ಹಲಗೆ ಹೊಡೆಸಿದೆ. "ನಾಗಂದಿಗೆ ಅನ್ನಿ ಸೀದಾ, ನಮ್ಮಜ್ಜನ ಮನೇಲಿ ಇತ್ತು" ಎಂದು ಆತ ನಕ್ಕ.

ಇವರು ಬೀರುವಿನ ಒಂದು ತುದಿ ಹಿಡಿದರು, ಆದರೆ ಮುಖ ಗಂಟಿಕ್ಕಿಕೊಂಡೇ. "ಬಂದೋರಿಗೆ ಬಾಗಿಲಲ್ಲೇ ಮಿಷನ್ನು ಕಾಣುತ್ತೆ, ಏನಂದ್ಕೋತಾರೆ?" ಎಂದರು. "ಇವಳು ಹೊಲೀತಾಳೆ ಅಂದ್ಕೋತಾರೆ" ಎಂದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಬಂದವರು, "ಅಂತೂ ಮಂಚದ ಕಾಲು ಎಡವದೆ ಹೋಗಿ ಬಂದೆ ನೋಡು" ಎಂದರು. ಸುಣ್ಣದ ವಾಸನೆ ಹೋದ ಮೇಲೆ ಮತ್ತೊಂದು ದಿನ ಗೀಟು ಹಾಕಿದೆ. ಮೂವತ್ತೇಳು. ಒಂದು ಸಾಮಾನನ್ನೂ ಎಸೆಯಲಿಲ್ಲ. ಇಪ್ಪತ್ತೇಳು ಸಲ ಬಗ್ಗುವುದು ಉಳಿಯಿತು. ತಿಂಗಳಿಗೆ ನಾಲ್ಕೈದು ರವಿಕೆ ಹೆಚ್ಚಿಗೆ ಹೊಲಿಯುತ್ತಿದ್ದೇನೆ.

ಇಷ್ಟು ಹೇಳಿದ ಕೂಡಲೇ ಹಳೆಯ ಮನೆಗಳೇ ಚೆನ್ನಾಗಿದ್ದವು ಎಂದು ಹಾಡುವವರು ಎದ್ದು ಬರುತ್ತಾರೆ. ಅವರಿಗೂ ಒಂದು ಮಾತು. ಹಳೆಯ ಹೆಂಚಿನ ಮನೆಯಲ್ಲಿ ಗೋಡೆಗೆ ಗೂಡಿತ್ತು, ನಾಗಂದಿಗೆ ಇತ್ತು, ಅಟ್ಟ ಇತ್ತು, ಹಾಲು ಮೊಸರಿಗೆ ನೆಲುವು ಇತ್ತು, ನಿಜ. ಸಾಮಾನಿಗೆ ಜಾಗ ನೆಲದಲ್ಲಲ್ಲ, ಗೋಡೆಯಲ್ಲಿ ಎನ್ನುವ ತಿಳಿವಳಿಕೆ ಅದನ್ನು ಕಟ್ಟಿದವರಿಗಿತ್ತು. ಆದರೆ ಅದೇ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆಗೆ ಕಣ್ಣು ಹಾಳುಮಾಡಿಕೊಂಡವರು ಹೆಂಗಸರೇ. ಅಟ್ಟಕ್ಕೆ ಏಣಿ ಹತ್ತಿ ಇಳಿದವರೂ, ಸಗಣಿ ಹಾಕಿ ನೆಲ ಸಾರಿಸಿದವರೂ ಅವರೇ. ತಿಂಗಳಲ್ಲಿ ಮೂರು ದಿನ ಆ ಮನೆಯೊಳಗೆ ಅವರಿಗೇ ಜಾಗವಿರಲಿಲ್ಲ. ಆದ್ದರಿಂದ ನನಗೆ ಹಳೆಯ ಮನೆ ಬೇಡ. ಆ ಮನೆಯ ಗೂಡು ಮತ್ತು ಹಲಗೆ ಬೇಕು.

ಹೊಸ ಮನೆಗಳನ್ನು ನೋಡಿದರೆ ಆ ತಿಳಿವಳಿಕೆಯೂ ಹೋಗಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಹಿಂದಿನ ಇಂದಿರಾ ಆವಾಸ್ ಯೋಜನೆಯಲ್ಲಿ 20 ಇತ್ತು. ಐದು ಮೀಟರ್ ಹೆಚ್ಚಾದದ್ದು ಒಳ್ಳೆಯದೇ. ಸೂರಿಲ್ಲದವರಿಗೆ ಸೂರು ಸಿಗುವುದು ಸಣ್ಣ ಮಾತಲ್ಲ. ಆದರೆ ಚದರ ಮೀಟರ್ ಎನ್ನುವುದು ನೆಲದ ಅಳತೆ. ಸಣ್ಣ ಮನೆಯಲ್ಲಿ ಬದುಕು ನಡೆಯುವುದು ಗೋಡೆಯ ಮೇಲೆ. ನಮ್ಮ ಸುತ್ತಮುತ್ತ ಎದ್ದಿರುವ ಸಣ್ಣ ತಾರಸಿ ಮನೆಗಳ ಒಳಗೆ ಹೋಗಿ ನೋಡಿದರೆ ನಾಲ್ಕೂ ಗೋಡೆ ನುಣ್ಣಗೆ, ಒಂದು ಗೂಡಿಲ್ಲ, ಒಂದು ಹಲಗೆಯಿಲ್ಲ. ಎಲ್ಲ ಸಾಮಾನೂ ನೆಲದ ಮೇಲೆ. ನೆಲದ ಮೇಲಿದ್ದದ್ದನ್ನೆಲ್ಲ ದಿನಾ ಎತ್ತಬೇಕು.

ಇದು ಯಾರಿಗೂ ಹೊಳೆಯದ ವಿಷಯವೇನಲ್ಲ. ಸುಮಾರು ನೂರು ವರ್ಷದ ಹಿಂದೆ, 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನ ಸಾಮಾನ್ಯ ಜನರ ಮನೆಗಳಿಗಾಗಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಒಂದು ಅಡುಗೆಮನೆ ರೂಪಿಸಿದರು. ಕೆಲಸಕ್ಕೆ ಹಿಡಿಯುವ ಹೊತ್ತು, ನಡೆಯುವ ಹೆಜ್ಜೆ ಲೆಕ್ಕ ಹಾಕಿ, ಅಕ್ಕಿಯಂಥ ಸಾಮಾನಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳನ್ನು ಗೋಡೆಯಲ್ಲೇ ಕೂರಿಸಿದರು. ಸುಮಾರು 10,000 ಮನೆಗಳಿಗೆ ಅದು ಹೋಯಿತು. ಅದರ ಅಳತೆ ಬರೀ ಆರೂವರೆ ಚದರ ಮೀಟರ್. ನನ್ನ ಅಡುಗೆಮನೆ ಅದಕ್ಕಿಂತ ದೊಡ್ಡದು! ಅದರಲ್ಲೂ ಒಂದು ಊನ ಇತ್ತು. ಒಬ್ಬರೇ ನಿಂತು ಕೆಲಸ ಮಾಡುವ ಹಾಗಿದ್ದುದರಿಂದ ಇನ್ನೊಬ್ಬರು ಕೈಜೋಡಿಸಲು ಜಾಗವೇ ಇರಲಿಲ್ಲ, ಹೆಂಗಸು ಒಳಗೇ ಒಬ್ಬಂಟಿಯಾದಳು ಎಂದು ಮುಂದೆ ಹೆಂಗಸರೇ ಟೀಕಿಸಿದರು. ಆ ಟೀಕೆಯೂ ನಮಗೆ ಪಾಠವೇ. ಪಕ್ಕದ ಕೇರಳದಲ್ಲಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳಲ್ಲಿ ಇಟ್ಟಿಗೆಯ ಗೋಡೆಯಲ್ಲೇ ಗೂಡು, ಕೂರುವ ಕಟ್ಟೆ ಕಟ್ಟಿ ತೋರಿಸಿದರು. ದುಡ್ಡಿಲ್ಲ ಎನ್ನುವುದು ಪೂರ್ತಿ ಕಾರಣವಲ್ಲ. ಕೇಳಬೇಕಾದವರನ್ನು ಕೇಳಿಲ್ಲ ಎನ್ನುವುದು ಕಾರಣ.

"ಮನೆ ಅಂದ್ರೆ ಹೆಂಗಸರದ್ದೇ ರಾಜ್ಯ ಅಲ್ವಾ, ನಿಮ್ಮನ್ನ ಯಾರು ತಡೀತಾರೆ?" ಎಂದು ಕೇಳುವವರಿದ್ದಾರೆ. ಮೊಳೆ ಹೊಡೆಯಲು ಒಪ್ಪಿಗೆ ಕೇಳಬೇಕಾದ ರಾಜ್ಯ ಎಂಥದ್ದು? "ನಮ್ಮನೇಲಿ ನಾನೂ ಸಹಾಯ ಮಾಡ್ತೀನಿ" ಎನ್ನುವ ಗಂಡಸರೂ ಇದ್ದಾರೆ. ಆಯುಧಪೂಜೆಯ ದಿನ ಬೈಕಿನ ಚಕ್ರದ ಕಡ್ಡಿಗಳ ಸಂದಿಯನ್ನೂ ಹಳೆಯ ಬ್ರಶ್ಶಿನಿಂದ ಉಜ್ಜಿ ತೊಳೆಯುವುದನ್ನು ನಾನು ನೋಡಿದ್ದೇನೆ. ಚೊಕ್ಕಟ ಮಾಡುವುದು ಗಂಡಸಿಗೆ ಬರುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ವರ್ಷಕ್ಕೊಮ್ಮೆ ಏಣಿ ಹತ್ತಿ ಜೇಡರಬಲೆ ತೆಗೆದದ್ದು ಸಹಾಯ ಸರಿ, ಆದರೆ ಮನೆಯನ್ನು ಅರ್ಥ ಮಾಡಿಸುವುದು ದಿನದ ಕೆಲಸ. ಒಂದೇ ಒಂದು ವಾರ ಬೆಳಿಗ್ಗೆ ಐದು ಜನರ ಹಾಸಿಗೆ ಸುತ್ತಿ, ಸಾಮಾನು ಎತ್ತಿ, ನೆಲ ಒರೆಸಿ, ಎಲ್ಲವನ್ನೂ ಮತ್ತೆ ಇಟ್ಟು ನೋಡಲಿ. ಎಂಟನೆಯ ದಿನ ಬೀರು ಎಲ್ಲಿರಬೇಕೆಂದು ಅವರೇ ಹೇಳುತ್ತಾರೆ. ಆಗ ಅವರ ಮಾತನ್ನು ನಾನೂ ಕೇಳುತ್ತೇನೆ, ಯಾಕೆಂದರೆ ಅದು ಗುಡಿಸಿದವರ ಮಾತು.

ನಮ್ಮ ಕೇರಿಯಲ್ಲಿ ಈಗ ಒಂದು ಸಣ್ಣ ಮನೆಯ ತಳಪಾಯ ಮುಗಿದು ಗೋಡೆ ಏಳುವುದರಲ್ಲಿದೆ. ಆ ಮನೆಯಾಕೆಗೆ ನಾನು ಹೇಳಿರುವುದು ಇಷ್ಟೇ. ಮೇಸ್ತ್ರಿ ಇಟ್ಟಿಗೆ ಇಡುವ ಮೊದಲು ರಂಗೋಲಿ ಪುಡಿ ತೆಗೆದುಕೊಂಡು ಹೋಗಿ ಮಂಚ, ಒಲೆ, ಅಕ್ಕಿ ಡಬ್ಬ, ಕೊಡ ಎಲ್ಲವನ್ನೂ ನೆಲದ ಮೇಲೆ ಬರೆಯಿರಿ. ಮನೆಯವರನ್ನೆಲ್ಲ ಕರೆದು ಅದರೊಳಗೆ ಓಡಾಡಿಸಿ. ಕೈಯಲ್ಲಿ ಕಸಬರಿಗೆ ಹಿಡಿದು ಒಂದು ಸಲ ಗುಡಿಸಿ ನೋಡಿ, ಅವರ ಕೈಗೂ ಕೊಟ್ಟು ಗುಡಿಸಿಸಿ. ಎಲ್ಲಿ ಎಡವಿದಿರೋ ಅಲ್ಲಿ ಪುಡಿ ಅಳಿಸಿ ಮತ್ತೆ ಬರೆಯಿರಿ. ಗೋಡೆಯಲ್ಲಿ ಗೂಡು ಎಲ್ಲೆಲ್ಲಿ ಬರಬೇಕೆಂದು ಮೇಸ್ತ್ರಿಗೆ ನೀವೇ ತೋರಿಸಿ. ಈಗಾದರೆ ಖರ್ಚು ಒಂದು ಹಿಡಿ ರಂಗೋಲಿ ಪುಡಿ. ಗೋಡೆ ಎದ್ದ ಮೇಲೆ ಮುಂದಿನ ಮೂವತ್ತು ವರ್ಷದ ಖರ್ಚು ನಿಮ್ಮ ಸೊಂಟದ ಲೆಕ್ಕಕ್ಕೆ ಬರುತ್ತದೆ.